ನರ್ಸಬಾಯಾರ ಐತವಾರದ ನಡಿಗೆ

ಮೊನ್ನೆ ಬಸವಕಲ್ಯಾಣದ ಸಂತೆಯಲ್ಲಿ ಅರ್ಧ ಕಿಲೋ ದ್ರಾಕ್ಷಿ ಕೊಂಡೆ. ಮನೆಗೆ ಬಂದು ಕಾಗದ ಬಿಚ್ಚಿದಾಗ ಹಣ್ಣುಗಳ ಮೇಲೆ ತಿಳಿನೀಲಿ ಪುಡಿಯ ಚುಕ್ಕೆಗಳಿದ್ದವು. ಬಳ್ಳಿಗೆ ರೋಗ ಬಾರದಂತೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಕಲೆ ಅದು. ತೊಳೆಯಲು ನೀರಿಗೆ ಹಾಕಿದಾಗ ಹಸಿ ಸುಣ್ಣದ ವಾಸನೆ ಸ್ವಲ್ಪ ಎದ್ದಿತು. ನಲ್ಲಿಯ ಮುಂದೆ ನಿಂತಂತೆಯೇ ನನಗೆ ಹುಮನಾಬಾದಿನ ನೆರೆಮನೆಯವರ ನೆನಪಾಯಿತು...

ಅವರನ್ನು ಓಣಿಯವರೆಲ್ಲ ನರ್ಸಬಾಯಾರು ಎನ್ನುತ್ತಿದ್ದರು. ಹಳ್ಳಿಹಳ್ಳಿ ತಿರುಗಿ ಮಕ್ಕಳಿಗೆ ಲಸಿಕೆ ಹಾಕುವ, ಹೆರಿಗೆ ಮಾಡಿಸುವ ಕೆಲಸದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದು ನಿವೃತ್ತರಾಗಿದ್ದರು. ಮದುವೆ ಆಗಿರಲಿಲ್ಲ. ನಾನು ಶಾಲೆಯ ಕೆಲಸಕ್ಕೆಂದು ಹೊಸದಾಗಿ ಬಂದು ಅವರ ಪಕ್ಕದ ಮನೆ ಹಿಡಿದಿದ್ದೆ. ಭಾನುವಾರ ಮುಂಜಾನೆ ಅವರು ಚೀಲ ಹೆಗಲಿಗೇರಿಸಿಕೊಂಡು ಹೊರಡುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ಅವರೇ ನಿಂತು ಕೇಳಿದರು.

"ಟೀಚರ, ಒಬ್ಬರೇ ಕುಂತು ಏನ್ ಮಾಡ್ತೀರಿ? ಬರ್ರಿ. ನನಗ ಸಕ್ಕರಿ ಕಾಯಿಲೆ, ದಿನಾ ನಡೀರಿ ಅಂತಾರ ಡಾಕ್ಟರ್. ಈ ರಸ್ತೆದಾಗ ಲಾರಿ ನೋಡಿದ್ರ ನಡಿಯಾಕ ಮನಸ ಬರಂಗಿಲ್ಲ. ಅದಕ್ಕ ಬಸ್ಸು ಹತ್ತಿ ಹೋಗಿ ಗುಡ್ಡದಾಗ ನಡೀತೀನಿ."

ಅಂದಿನಿಂದ ನಾನೂ ಹೊರಟೆ. ಅವರ ಪದ್ಧತಿ ಸರಳವಾಗಿತ್ತು. ಮೊದಲ ಬಸ್ಸಿಗೆ ಒಂದು ಊರಿನಲ್ಲಿ ಇಳಿಯುವುದು, ಕಾಲುದಾರಿ ಹಿಡಿದು ಗುಡ್ಡ ದಾಟುವುದು, ಇನ್ನೊಂದು ಊರಿನಲ್ಲಿ ಸಿಕ್ಕ ಬಸ್ಸಿಗೆ ಮರಳುವುದು. ಒಮ್ಮೆ ಕೊಡಂಬಲದ ಕಡೆ, ಒಮ್ಮೆ ಘಾಟಬೋರಾಳ, ಇನ್ನೊಮ್ಮೆ ಮೋರಖಂಡಿ. ಕೆಂಪು ಮೊರಮುಮಣ್ಣಿನ ಬೋಳು ಗುಡ್ಡಗಳು, ಇಳಿಜಾರಿನಲ್ಲಿ ಸೀತಾಫಲದ ಪೊದೆ, ಕೆಳಗೆ ತೊಗರಿ ಹೊಲ. ನೀರಿದ್ದ ಕಡೆ ಯಾರಾದರೂ ದ್ರಾಕ್ಷಿ ಹಚ್ಚಿರುತ್ತಿದ್ದರು. ಚಪ್ಪರದ ಕೆಳಗೆ ಬಾಗಿ ನಡೆದರೆ ಆ ಮೈಲುತುತ್ತದ ನೀಲಿ ಸೆರಗಿಗೆ ಹತ್ತುತ್ತಿತ್ತು. ಅರವತ್ತು ದಾಟಿದ್ದರೂ ಅವರು ನನಗಿಂತ ಮುಂದೆ ಇರುತ್ತಿದ್ದರು.

ಯಾವ ಊರಿಗೆ ಹೋದರೂ ಅವರ ಗುರುತಿನ ಹೆಂಗಸರು ಸಿಗುತ್ತಿದ್ದರು. ನೀರು, ಚಹಾ, ಹಳೆಯ ಹೆರಿಗೆಗಳ ಸುದ್ದಿ. ಮಾತಿನ ಕೊನೆಗೆ ಅವರು ಒಂದು ಮನೆತನದ ಹೆಸರು ಹಿಡಿದು, ಆ ಮನೆಯ ಮಗಳನ್ನು ಎಲ್ಲಿಗೆ ಕೊಟ್ಟರು ಎಂದು ವಿಚಾರಿಸುತ್ತಿದ್ದರು. ಪ್ರತಿ ಊರಿನಲ್ಲೂ ಅದೇ ಮನೆತನ, ಅದೇ ಮಗಳು. ನಾನು ಅದನ್ನು ಗಮನಿಸಿದ್ದು ಬಹಳ ತಡವಾಗಿ.

ಮಾಘ ಮಾಸದ ಒಂದು ಭಾನುವಾರ, ಬಾವಿಕಟ್ಟೆಯ ಬಳಿ ಒಬ್ಬ ಹೆಂಗಸು ಉತ್ತರ ಕೊಟ್ಟಳು. ಬಸವಕಲ್ಯಾಣದ ರಸ್ತೆಯಲ್ಲಿ, ಗುಡ್ಡದ ಬುಡದ ತಿರುವಿನಲ್ಲಿ ದ್ರಾಕ್ಷಿ ತೋಟ ಇರುವವರ ಮನೆಗೆ ಕೊಟ್ಟಿದ್ದಾರೆ ಎಂದಳು. ನರ್ಸಬಾಯಾರು ಆ ದಿನ ಮುಂದೆ ನಡೆಯಲಿಲ್ಲ. ಬಂದ ಬಸ್ಸಿಗೇ ತಿರುಗಿ ಬಂದೆವು.

ಮುಂದಿನ ವಾರ ಆ ತಿರುವಿನಲ್ಲಿ ಇಳಿದೆವು. ತೋಟದ ದಾರಿಯಲ್ಲಿ ಅವರು ನಿಂತು, ಗುಡ್ಡದ ಕಡೆ ಮುಖ ಮಾಡಿ ಹೇಳಿದರು.

"ಟೀಚರ, ನಾ ಸಕ್ಕರಿ ಕಾಯಿಲೆಗೆ ತಿರಗಾಕತ್ತಿಲ್ಲ. ಈ ತೋಟದ ಹುಡುಗಿನ್ನ ಹುಡುಕಾಕತ್ತಿದ್ದೆ, ಅಕಿ ತವರೂರಿಗೆ ಹೋಗಿ ಕೇಳಾಕ ಧೈರ್ಯ ಸಾಲಲಿಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಜ್ವರ ಬಂದ ಕೂಸಿಗೆ ಸೂಜಿ ಮಾಡಿದೆ. ಕೂಸು ಒದ್ದಾಡ್ತು, ಜಾಗ ತಪ್ಪಿತು, ನರಕ್ಕ ತಾಗಿತು. ಮರುದಿನ ಅದು ಕಾಲು ಎಳೀತಿತ್ತು. ನನಗ ಅಂಜಿಕಿ ಬಂತು. ಪೋಲಿಯೋ ಅಂತ ಬರದೆ. ಹನಿ ಹಾಕಿಸ್ಯಾಳೋ ಇಲ್ಲೋ ಅವರವ್ವನ್ನ ಕೇಳ್ರಿ ಅಂದೆ. ಹನಿ ಹಾಕಿದಾಕಿ ನಾನೇ ಇದ್ದೆ..."

ಅವರು ಮುಂದೆ ನಡೆದರು, ನಾನು ಹಿಂದೆ.

ತೋಟದಲ್ಲಿ ಕೊಯ್ಲು ನಡೆದಿತ್ತು. ಹೆಂಗಸರು ಗೊನೆ ಕತ್ತರಿಸಿ ತರುತ್ತಿದ್ದರು. ಚಪ್ಪರದ ನೆರಳಲ್ಲಿ ಗೋಣಿಚೀಲದ ಮೇಲೆ ಕುಳಿತು ಒಬ್ಬಳು ಕೆಟ್ಟ ಹಣ್ಣುಗಳನ್ನು ಕತ್ತರಿಯಿಂದ ತೆಗೆಯುತ್ತಿದ್ದಳು. ನಮ್ಮನ್ನು ಕಂಡು ಎದ್ದು ಬಂದಳು. ಬಲ ಮೊಣಕಾಲನ್ನು ಮೇಲಕ್ಕೆ ಎತ್ತಿ ಎತ್ತಿ ನಡೆಯುತ್ತಿದ್ದಳು. ಬಲಪಾದ ಪ್ರತಿ ಸಲ ಪಟ್ ಎಂದು ನೆಲಕ್ಕೆ ಬೀಳುತ್ತಿತ್ತು. ದ್ರಾಕ್ಷಿ ಬೇಕೇನ್ರಿ ಎಂದು ಕೇಳಿದಳು.

ನರ್ಸಬಾಯಾರು ತಾವು ಯಾರೆಂದು ಹೇಳಿದರು. ಆಮೇಲೆ ನನಗೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ, ಒಂದು ಮಾತೂ ಬಿಡದೆ ಹೇಳಿದರು. "ಮಾಫಿ ಕೇಳಾಕ ಬಂದೀನವ್ವ" ಎಂದರು.

ಆಕೆ ಕತ್ತರಿಯನ್ನು ಬುಟ್ಟಿಯಲ್ಲಿ ಇಟ್ಟಳು. ಕೂಗಾಡಲಿಲ್ಲ.

"ನಿಮ್ಮ ಮಾರಿ ನನಗ ನೆನಪಿಲ್ರಿ. ಕಾಲಿಂದು ಬಿಡ್ರಿ, ರೂಢಿ ಆಗ್ಯದ. ನಮ್ಮವ್ವಂದು ಹೇಳ್ರಿ. ಹನಿ ಹಾಕಿಸಲಿಲ್ಲ, ಮಗಳ ಕಾಲು ತಿಂದ್ಲು ಅಂತ ಊರೆಲ್ಲಾ ಅಂತು. ನಮ್ಮಪ್ಪನೂ ಅಂದ. ಹಾಕಿಸೀನಿ, ಹಾಕಿಸೀನಿ ಅಂತ ಅಕಿ ಆಣಿ ಮಾಡ್ತಿದ್ಲು. ಕಡೀಕ ಅಕಿಗೇ ಅನುಮಾನ ಬಂತು. ಹಾಕಿಸಿದ್ನೋ ಇಲ್ಲೋ ಅಂತ ನನ್ನ ಕೇಳ್ಕೋತನೇ ಸತ್ಲು."

ನರ್ಸಬಾಯಾರು ತಲೆ ತಗ್ಗಿಸಿದರು.

"ಇಲ್ಲಿ ಬಂದು ನನ್ನ ಮುಂದ ಹೇಳಿದ್ರ ನಿಮಗ ಹಗುರ ಆಗತದ. ಅಕಿಗೇನಾತು? ನಮ್ಮೂರಿಗೆ ಹೋಗಿ ಹೇಳ್ರಿ. ಅಂದವರ ಮುಂದ ಹೇಳ್ರಿ."

"ಹೇಳ್ತೀನಿ. ಯಾವಾಗ?"

"ಇವತ್ತ."

ಆಕೆಯ ತವರೂರು ಗುಡ್ಡದ ಆಚೆ ಮಗ್ಗುಲಿಗಿತ್ತು. ಹೆಸರು ಬರೆಯುವುದಿಲ್ಲ. ಬಸ್ಸಿಗೆ ಕಾಯೋಣ ಎಂದು ನಾನು ಅಂದೆ. ಆಕೆ ಕೇಳದೆ ಕಾಲುದಾರಿ ಹಿಡಿದಳು. ಎಷ್ಟೋ ಭಾನುವಾರ ನನ್ನ ಮುಂದೆ ನಡೆದ ನರ್ಸಬಾಯಾರು ಅಂದು ಹಿಂದೆ ಬಿದ್ದರು. ಆಕೆಯ ಹೆಜ್ಜೆಯ ಹಿಂದೆ ಹೆಜ್ಜೆ ಇಡುತ್ತ, ಕಣ್ಣನ್ನು ಆ ಪಾದದ ಮೇಲೇ ಇಟ್ಟು ಹತ್ತಿದರು. ಮೊರಮು ಜಾರುವ ಕಡೆ ಆಕೆ ಪೊದೆ ಹಿಡಿದು ಕಾಲನ್ನು ಮೇಲೆಳೆದುಕೊಳ್ಳುತ್ತಿದ್ದಳು. ಒಮ್ಮೆ ನರ್ಸಬಾಯಾರು ಕೈ ಚಾಚಿದರು. ಆಕೆ ಹಿಡಿಯಲಿಲ್ಲ. ಗುಡ್ಡದ ನೆತ್ತಿಯಲ್ಲಿ ಕುಳಿತು ಮೂವರೂ ನೀರು ಕುಡಿದೆವು. ಹಿಂದೆ ಹಸಿರು ತೋಟ, ಮುಂದೆ ಊರಿನ ಹೆಂಚುಗಳು ಕಾಣುತ್ತಿದ್ದವು. ಒಂದು ತಾಸಿನ ಹಾದಿ ಅದು.

ಆಕೆ ನಮ್ಮನ್ನು ನೇರ ಹಿಟ್ಟಿನ ಗಿರಣಿಗೆ ಕರೆದೊಯ್ದಳು. ಜೋಳದ ಡಬ್ಬಿ ಇಟ್ಟುಕೊಂಡು ಹತ್ತು ಹನ್ನೆರಡು ಹೆಂಗಸರು ಸರದಿಗೆ ಕುಳಿತಿದ್ದರು. ಗಿರಣಿ ನಿಲ್ಲಿಸು ಎಂದು ಗಿರಣಿಯವನಿಗೆ ಕೂಗಿ ಹೇಳಿದಳು. ಅವನು ಏನೋ ಅನಾಹುತವಾಗಿದೆ ಎಂದುಕೊಂಡು ಬಟನ್ ಒತ್ತಿದ. ಪಟ್ಟಿ ತಿರುಗುವುದು ನಿಂತ ಮೇಲೆ ನರ್ಸಬಾಯಾರು ಮಾತಾಡಿದರು. "ಈಕಿ ಅವ್ವ ಎಲ್ಲಾ ಹನಿ ಹಾಕಿಸಿದ್ಲು. ನಾನೇ ಹಾಕೀನಿ. ಕಾಲು ಹೋದದ್ದು ನನ್ನ ಸೂಜಿಯಿಂದ. ನಾ ಸುಳ್ಳು ಹೇಳಿದ್ದೆ. ಗಲತಿ ನಂದು, ಅಕಿದಲ್ಲ."

ಹಿಟ್ಟಿನ ಧೂಳು ಕೆಳಗಿಳಿಯುತ್ತಿತ್ತು. ಸತ್ತಾಕೀ ಮಾತು ಈಗ್ಯಾಕ ಎಂದು ಒಬ್ಬಳು ಗೊಣಗಿದಳು. ಸೊಂಟದಲ್ಲಿ ಕೂಸು ಇದ್ದ ಇನ್ನೊಬ್ಬಳು ಅದನ್ನು ಸರಿಸಿ ಆಚೆ ಮಗ್ಗುಲಿಗೆ ಹಿಡಿದಳು. ಅವಳು ಹುಟ್ಟಿದಾಗ ಹೆರಿಗೆ ಮಾಡಿಸಿದ್ದೇ ನರ್ಸಬಾಯಾರಂತೆ, ಆಮೇಲೆ ತಿಳಿಯಿತು. ಮೂಲೆಯಲ್ಲಿದ್ದ ಒಬ್ಬ ಮುದುಕಿ ಗೋಡೆ ಹಿಡಿದು ಎದ್ದಳು. ಸತ್ತವಳ ನೆಗೆಣ್ಣಿ, ಅಂದರೆ ಓರಗಿತ್ತಿ.

"ನಾನೂ ಅಂದೀನಿ. ನನ್ನ ಕೂಸುಗಳನ್ನ ಮುಟ್ಟಬ್ಯಾಡ ಅಂದಿದ್ದೆ ಅಕಿಗೆ. ಒಂದೇ ವಾಡೇದಾಗ, ಒಂದೇ ಅಂಗಳದಾಗ ಇದ್ವಿ, ಹತ್ತು ವರ್ಷ ಮಾತಾಡಿಸಲಿಲ್ಲ."

ಅಷ್ಟು ಹೇಳಿ ಮಗಳ ಸಮಾನಳಾದ ಆ ಹುಡುಗಿಯ ತೋಳು ಹಿಡಿದುಕೊಂಡು ಅಳತೊಡಗಿದಳು. ಆಕೆ ಅಳಲಿಲ್ಲ. ಮುದುಕಿಯನ್ನು ನಿಧಾನವಾಗಿ ಮನೆಯ ಕಡೆ ನಡೆಸಿಕೊಂಡು ಹೋದಳು. ತಿರುಗಿ ನೋಡಲಿಲ್ಲ. ಗಿರಣಿಯವನು ಇನ್ನೂ ಏನಾದರೂ ಇದೆಯೇ ಎಂದು ನಮ್ಮನ್ನು ನೋಡಿ, ಮತ್ತೆ ಬಟನ್ ಒತ್ತಿದ.

ಮೂರು ಗಂಟೆಯ ಬಸ್ಸಿನಲ್ಲಿ ನರ್ಸಬಾಯಾರು ಚೀಲ ಬಿಚ್ಚಿದರು. "ಹಸಿವಾಗ್ಯದ ಟೀಚರ" ಎಂದು ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ನನಗೂ ಕೊಟ್ಟು ತಿಂದರು. ಘಾಟಬೋರಾಳ ದಾಟುವಷ್ಟರಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು.

ಆಮೇಲೆಯೂ ಎರಡು ವರ್ಷ ನಾವು ನಡೆದೆವು. ಆದರೆ ಆ ತಿರುವಿನಲ್ಲಿ ಮತ್ತೆಂದೂ ಇಳಿಯಲಿಲ್ಲ. ದ್ರಾಕ್ಷಿ ತೋಟ ಕಂಡರೆ ಸುತ್ತು ಹಾಕಿ ಹೋಗುತ್ತಿದ್ದರು. ಯಾವ ಊರಿನಲ್ಲೂ ಯಾರನ್ನೂ ವಿಚಾರಿಸುತ್ತಿರಲಿಲ್ಲ. ನಾನೂ ಕೆದಕಲಿಲ್ಲ. ಒಮ್ಮೆ ಮಾತ್ರ ಅವರಾಗಿಯೇ, "ಅಕಿ ಮುಂದ ಮತ್ತ ಹೋಗಿ ನಿಂದ್ರಾಕ ನನಗ ಹಕ್ಕಿಲ್ಲ" ಎಂದರು. ನಂತರ ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಫೋನು ತಿಂಗಳಿಗೊಮ್ಮೆ ಇದ್ದದ್ದು ಹಬ್ಬಕ್ಕೊಮ್ಮೆ ಆಯಿತು. ಕಳೆದ ಮಳೆಗಾಲದಲ್ಲಿ ಅವರ ತಮ್ಮನ ಮಗ ಫೋನು ಮಾಡಿ, ಅತ್ತೆ ತೀರಿಕೊಂಡು ಹದಿನೈದು ದಿನವಾಯಿತು ಎಂದ. ಕಿಡ್ನಿ ಹೋಗಿತ್ತಂತೆ.

ಸಂತೆಯಿಂದ ದ್ರಾಕ್ಷಿ ತಂದ ವಾರದ ಭಾನುವಾರ ನಾನು ಒಬ್ಬಳೇ ಆ ತಿರುವಿಗೆ ಹೋಗುವ ಬಸ್ಸು ಹತ್ತಿದೆ. ಅವರು ತೀರಿಕೊಂಡದ್ದನ್ನು ಆಕೆಗೆ ಯಾರಾದರೂ ಹೇಳಬೇಕಿತ್ತು, ಹೇಳುವವರು ಬೇರೆ ಯಾರೂ ಇರಲಿಲ್ಲ. ತೋಟದ ಅರ್ಧ ಭಾಗ ಈಗ ತೊಗರಿ ಆಗಿದೆ. ಆಕೆಗೆ ನನ್ನ ಗುರುತು ಕೂಡಲೇ ಸಿಗಲಿಲ್ಲ. ಸುದ್ದಿ ಹೇಳಿದೆ. ಚಪ್ಪರದ ಕಲ್ಲುಕಂಬಕ್ಕೆ ಒರಗಿದಳು.

"ಮತ್ತ ಬರ್ತಾರಂತ ತಿಳ್ಕೊಂಡಿದ್ದೆರಿ," ಎಂದಳು. "ಆ ವರ್ಷ ಸುಗ್ಗಿ ಮುಗಿಯೋತನಕ ಐತವಾರದ ಬಸ್ಸು ನಿಂತಾಗೆಲ್ಲಾ ರಸ್ತೆ ಕಡೆ ನೋಡ್ತಿದ್ದೆ. ನಮ್ಮವ್ವ ನನ್ನ ಎತ್ಕೊಂಡು ಹನಿ ಹಾಕಿಸಾಕ ಬಂದದ್ದು ಕಂಡವರು, ಆಗ ಅಕಿ ಹ್ಯಾಂಗಿದ್ಲು ಅಂತ ಹೇಳಾವ್ರು ಅವರೊಬ್ಬರೇ ಉಳದಿದ್ರು. ನನ್ನ ಮುಂದ ಹೇಳಿ ಮುಗೀತು, ಇನ್ನ ನಾ ಯಾಕ ಬೇಕು ಅವರಿಗೆ ಅಂತ ಸುಮ್ಮನಾದೆ."

ಅವರು ಹಾಗೆ ಅಂದುಕೊಂಡಿರಲಿಲ್ಲ ಎಂದು ಹೇಳಿದೆ. ಹಕ್ಕಿಲ್ಲ ಎಂದ ಮಾತನ್ನೂ ಹೇಳಿದೆ. ಆಕೆ ನನ್ನ ಮುಖ ನೋಡಿದಳು.

ತಿರುಗುವ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ರಸ್ತೆಯ ಬದಿಯಲ್ಲಿ ನಿಂತು ಲೆಕ್ಕ ಹಾಕಿದೆ. ಹುಮನಾಬಾದಿನಿಂದ ಈ ತಿರುವಿಗೆ ಬಸ್ಸಿನಲ್ಲಿ ಮುಕ್ಕಾಲು ತಾಸು. ಆ ಎರಡು ವರ್ಷ ಪ್ರತಿ ಭಾನುವಾರ ನಾನು ಅವರ ಪಕ್ಕದಲ್ಲಿ ನಡೆದಿದ್ದೆ. ಒಬ್ಬಳೇ ಬಂದು, ಅವರು ಮತ್ತೆ ಬರಬಹುದೇ ಎಂದು ಆಕೆಯನ್ನು ಒಂದು ಮಾತು ಕೇಳಬಹುದಿತ್ತು. ಅದು ನನ್ನ ಕೆಲಸ ಎಂದು ನನಗೆ ಅನ್ನಿಸಿರಲಿಲ್ಲ.