ನೀಲವ್ವನ ಗೋಣಿತಟ್ಟು

ಈ ಏಪ್ರಿಲ್‌ನಲ್ಲಿ ಜಮಖಂಡಿಯ ನಮ್ಮ ಮನೆಯ ಕೂಲರು ಕೆಟ್ಟಿತು. ರಿಪೇರಿಯವನು ಬರುವವರೆಗೆ ಇರಲಿ ಎಂದು ಹೆಂಡತಿ ಕಿಟಕಿಗೆ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸಿದಳು. ಒದ್ದೆ ಗೋಣಿಯ ವಾಸನೆಗೆ ನಿಮಗೆ ಕಾಳಿನ ಅಂಗಡಿ ನೆನಪಾಗಬಹುದು. ನನಗೆ ನೆನಪಾಗುವುದು ನೀಲವ್ವ, ಮತ್ತು ಅವಳಿಗೆ ಹೇಳದೆ ನುಂಗಿಕೊಂಡ ಒಂದು ಮಾತು.

ಎಷ್ಟೋ ವರ್ಷಗಳ ಹಿಂದೆ ನಾನು ಬೀಳಗಿ ಕಡೆಯ ಸಣ್ಣದೊಂದು ರೇಷ್ಮೆ ತಳಿ ಕೇಂದ್ರದಲ್ಲಿದ್ದೆ. ಬಿಸಿಲು ತಡೆಯುವ ಹುಳುವಿನ ತಳಿ ಬೆಳೆಸುವುದು ನಮ್ಮ ಕೆಲಸ. ಕೇಳಲು ದೊಡ್ಡದು, ಮಾಡಲು ನಿರ್ದಯ. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳನ್ನು ಮಧ್ಯಾಹ್ನ ತಗಡಿನ ಕೋಣೆಯಲ್ಲಿಡಬೇಕು, ಸಾಯುವವನ್ನು ಸಾಯಲು ಬಿಡಬೇಕು, ಉಳಿದವು ಗೂಡು ಕಟ್ಟಿ ಚಿಟ್ಟೆಯಾದ ಮೇಲೆ ಅವುಗಳಿಂದ ಮೊಟ್ಟೆ ಪಡೆಯಬೇಕು. ಆ ಮೊಟ್ಟೆಯ ಹುಳುಗಳಿಗೂ ಮತ್ತೆ ಅದೇ ಕೋಣೆ.

ಸೊಪ್ಪು ಹಾಕಲು ಅನಗವಾಡಿಯಿಂದ ನೀಲವ್ವ ಬರುತ್ತಿದ್ದಳು. ಮನೆಯಲ್ಲೂ ಹುಳು ಸಾಕಿದ್ದಳು. ಪ್ರತಿ ಬೇಸಿಗೆ, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಅವು ಸತ್ತುಹೋಗುತ್ತಿದ್ದವು. ಬಂದ ಮೊದಲ ದಿನವೇ ಕೇಳಿದಳು: "ಸಾಹೇಬ್ರ, ಬ್ಯಾಸಿಗಿ ತಡಿಯೂ ಹುಳ ಖರೇನ ಆಗ್ತಾವೇನ್ರಿ? ಬುಟ್ಟಿ ತುಂಬಿ ಹೂಳೂದು ಇನ್ನ ನನ್ ಕೈಲಿ ಆಗಂಗಿಲ್ಲ."

ಒಂದು ಸಲ ಹುಳುಗಳೆಲ್ಲ ಹೆಚ್ಚುಕಡಿಮೆ ಬದುಕಿಬಿಟ್ಟವು. ನನ್ನ ಕಾಲು ನೆಲದ ಮೇಲಿರಲಿಲ್ಲ. ತಗಡಿನ ಕೋಣೆಗಿಟ್ಟ ಐದನೇ ದಿನ ನಡು ಮಧ್ಯಾಹ್ನ ಹೋದರೆ, ಕಿಟಕಿಗೆ ಒದ್ದೆ ಗೋಣಿತಟ್ಟು. ನೀಲವ್ವ ಅದಕ್ಕೆ ಇನ್ನಷ್ಟು ನೀರು ಚಿಮುಕಿಸುತ್ತಿದ್ದಳು.

"ಏನಿದು ನೀಲವ್ವ?"

"ತೆಲಿ ಮ್ಯಾಲೆತ್ತಿ ಒದ್ದಾಡಾಕತ್ತಿದ್ವರಿ. ನೋಡ್ಕೋತ ಹ್ಯಾಂಗ ಕುಂದರ್ಲಿ?"

ತಂಪಿನಲ್ಲಿ ಬದುಕಿದ ಹುಳು ನಮ್ಮ ತಳಿಗೆ ಬರುವುದಿಲ್ಲ. ಇಡೀ ತಂಡ ವ್ಯರ್ಥವಾಗಿತ್ತು. ಬಾಯಿಗೆ ಬಂದಂತೆ ಬೈದೆ. "ಇವು ಇಲ್ಲಿ ಸಾಯಲಿಲ್ಲಂದ್ರ ಇವುಗಳ ಮಕ್ಕಳು ನಿನ್ನ ಮನ್ಯಾಗ ಸಾಯ್ತಾವ," ಎಂದೆ. ಅವಳು ತಟ್ಟು ಬಿಚ್ಚಿದಳು.

ನುಂಗಿಕೊಂಡ ಮಾತು ಇಷ್ಟೇ. ಮೂರು ದಿನ ಮೊದಲೇ, ಕೋಣೆಯ ಬಾಗಿಲಲ್ಲೇ, ಒದ್ದೆ ಗೋಣಿಯ ವಾಸನೆ ನನಗೆ ಬಡಿದಿತ್ತು. ಓಣಿಯ ತುದಿಯ ಒಗ್ಗರಣೆಗೂ ಹಸಿವಾಗುವ ಮೂಗು ನನ್ನದು. ಆದರೆ ಗೆದ್ದೆ ಎನ್ನುವ ಸುಖ ಬಿಟ್ಟುಕೊಡಲು ಮನಸ್ಸಾಗದೆ ಸುಮ್ಮನಿದ್ದೆ. ಬೈಗುಳ ಮಾತ್ರ ಅವಳೊಬ್ಬಳಿಗೇ ಸಿಕ್ಕಿತು. ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ತಂಡಕ್ಕೆ ನೀಲವ್ವ ತಟ್ಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಹೊರಗೆ ಕೂತಳು. ಸಂಜೆ ಸತ್ತವನ್ನು ಆರಿಸುತ್ತ ಅತ್ತಳು. ಒಂದು ಮೂಲೆಯಲ್ಲಿ ಕೆಲವು ಇನ್ನೂ ಸೊಪ್ಪು ಮೇಯುತ್ತಿದ್ದವು. "ಇವು ಗಟ್ಟಿ ಅದಾವ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕೆಲವುಗಳಿಂದಲೇ ತಳಿ ಮುಂದುವರಿಯಿತು. ಅದು ಪೂರ್ತಿಯಾಗುವ ಮೊದಲೇ ನನಗೆ ವರ್ಗವಾಯಿತು.

ಈಗ, ಹೆಂಡತಿ ಕಿಟಕಿಗೆ ತಟ್ಟು ಕಟ್ಟಿದ ಮರುದಿನ, ಬಸ್ಸು ಹತ್ತಿ ಅನಗವಾಡಿಗೆ ಹೋದೆ. ಸುಡು ಮಧ್ಯಾಹ್ನ. ನೀಲವ್ವನ ತಲೆ ನೆರೆತಿತ್ತು. ಹುಳುವಿನ ಮನೆಯ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ: "ಆವಾಗ ನನಗ ಮೊದ್ಲ ವಾಸನಿ ಬಂದಿತ್ತು ನೀಲವ್ವ. ಗೊತ್ತಿದ್ದೂ ಸುಮ್ಮನಿದ್ದೆ."

ಅವಳು ನಕ್ಕಳು. "ಗೊತ್ತೈತ್ರಿ. ಅವತ್ತು ನೀವು ಕಿಟಕಿ ಕಡೆ ನೋಡಲಾರದ ಹೋದ್ರಲ್ರಿ. ನೀವೂ ಮರುಗೀರಿ ಅಂತ ತಿಳ್ಕೊಂಡೆ."

ಒಳಗೆ ಹುಳುಗಳು ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು, ಬಿಸಿಲು ತಡೆಯುವ ನಮ್ಮದೇ ತಳಿ. ಕಿಟಕಿಗಳಿಗೆ ಏನೂ ಕಟ್ಟಿರಲಿಲ್ಲ. ಹಳೆಯ ಗೋಣಿತಟ್ಟು ನನ್ನ ಕಾಲ ಬಳಿ ಹೊಸ್ತಿಲಿಗೆ ಬಿದ್ದಿತ್ತು. ತುಳಿಯಲು ಹಿಂಜರಿದೆ.

"ಅದಕ್ಕ ಈಗ ಬ್ಯಾರೆ ಕೆಲಸ ಇಲ್ರಿ. ಕಾಲು ಒರಸ್ಕೊಂಡು ಬರ್ರಿ," ಎಂದಳು.

ಒರೆಸಿಕೊಂಡೆ. ತಟ್ಟು ಪೂರ್ತಿ ಒಣಗಿತ್ತು.