ಮುಯ್ಯಿಗೆ ಬಾರದ ಊರು

ಜಾವಗಲ್ ಪಕ್ಕದ ಹಳ್ಳಿಯ ಗಿಡ್ಡಯ್ಯನಿಗೆ ಅರವತ್ತು ದಾಟಿದರೂ ದುಡ್ಡಿನ ಸಹವಾಸ ಅಂಟಲಿಲ್ಲ. ಅವನ ಬದುಕು ನಡೆದದ್ದೆಲ್ಲ ಮುಯ್ಯಿಯ ಮೇಲೆ. ನಿನ್ನ ಹೊಲದ ಕಳೆಗೆ ನಾನು, ನನ್ನ ಸೂರಿನ ಹೆಂಚಿಗೆ ನೀನು. ಯಾರು ಸತ್ತರೂ ಹೇಳಿಕಳಿಸುವ ಮೊದಲೇ ಗುದ್ದಲಿ ಹೊತ್ತು ಹೋಗಿ ಗುಂಡಿ ತೋಡುತ್ತಿದ್ದ. ಕೂಲಿ ಕೊಡಲು ಬಂದವರನ್ನು ಕಂಡರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ರಾಗಿಯೋ ಕಾಯಿಯೋ ತಾನಾಗಿ ಮನೆಗೆ ಬರುತ್ತಿತ್ತು. ಹೆಂಡತಿ ದ್ಯಾವಮ್ಮ ಮಾತ್ರ ಗೊಣಗುವಳು.

"ನಾಳೆ ನಮ್ಗೆ ಯಾರ್ ಬತ್ತಾರೆ?"

"ಊರೇ ಬತ್ತೈತೆ ಕಣೇ," ಎನ್ನುತ್ತಿದ್ದ. ಪಾಪ, ನಂಬಿದ್ದ.

ಒಂದು ಬೆಳಿಗ್ಗೆ ದ್ಯಾವಮ್ಮ ಒಲೆಯ ಮುಂದೆ ಕುಸಿದವಳು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಚಟ್ಟಕ್ಕೆ ನಾಲ್ಕು ಹೆಗಲು, ಗಿಡ್ಡಯ್ಯ ಊರಿನಿಂದ ಬಯಸಿದ್ದು ಅಷ್ಟೇ. ಜನ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದರು, ಕಣ್ಣೊರೆಸಿಕೊಂಡರು, ಐನೂರರ ನೋಟನ್ನು ಅವನ ಕೈಗೆ ತುರುಕಿ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಪಕ್ಕದ ಮನೆಯ ಮಹಾಂತೇಶನ ಅಜ್ಜಿಗೆ ಸುರಿವ ಮಳೆಯಲ್ಲಿ ಗುಂಡಿ ತೋಡಿದವನು ಗಿಡ್ಡಯ್ಯ. ಆ ಮಹಾಂತೇಶನನ್ನೇ ಗಿಡ್ಡಯ್ಯ ತಡೆದು ನಿಲ್ಲಿಸಿದ.

"ನೀನಾದ್ರೂ ಹೆಗಲು ಕೊಡಪ್ಪ."

"ಅರಸೀಕೆರೇಲಿ ಕೊಬ್ರಿ ಮಾರ್ಕೆಟ್ ಐತೆ ಗಿಡ್ಡಣ್ಣ, ಲೋಡ್ ಆಗೋಗೈತೆ. ದುಡ್ಡೈತಲ್ಲ, ಆಳು ಕರ್ಕೊ."

ಗುಂಡಿಯನ್ನು ತಾನೇ ತೋಡಿ, ಜಾವಗಲ್ ಬಸ್ ನಿಲ್ದಾಣಕ್ಕೆ ಹೋಗಿ, ಕೂಲಿಗೆ ಕಾದು ಕೂತಿದ್ದ ನಾಲ್ವರ ಕೈಗೆ ಆ ನೋಟುಗಳನ್ನು ಹಾಕಿದ. ಮಣ್ಣು ಎಳೆಯುವಾಗ ಅವರಲ್ಲೊಬ್ಬ, "ಅಮ್ಮನ ಹೆಸ್ರೇನು ಯಜಮಾನ್ರೇ?" ಎಂದ. ಗಿಡ್ಡಯ್ಯ ಆಗ ಗೊಳೋ ಎಂದು ಅತ್ತ.

ಮೂರು ತಿಂಗಳಿಗೆ ಮಹಾಂತೇಶನ ಅಪ್ಪ ಜವರಯ್ಯ ತೀರಿಕೊಂಡ. ಗಿಡ್ಡಯ್ಯ ಜಗುಲಿ ಬಿಟ್ಟು ಏಳಲಿಲ್ಲ. ಕೊನೆಗೆ ಮಹಾಂತೇಶನೇ ಬಂದು ತಲೆ ತಗ್ಗಿಸಿ ನಿಂತ.

"ಗುಂಡಿಗೆ ಎರಡು ಸಾವ್ರ ಆಯ್ತದೆ," ಎಂದ ಗಿಡ್ಡಯ್ಯ.

ಇವನು ಬೈಯಲಿ, ನಮ್ಮನಮ್ಮಲ್ಲಿ ಇದೆಂಥ ಮಾತು ಎಂದು ಜಗಳಕ್ಕಾದರೂ ಬರಲಿ ಎಂದು ಕಾದ. ಮಹಾಂತೇಶನ ಮುಖ ಗೆಲುವಾಯಿತು. ಅಲ್ಲೇ ನೋಟು ತೆಗೆದು ಕೊಟ್ಟ.

"ಹಿಂಗೇ ವಾಸಿ ಗಿಡ್ಡಣ್ಣ. ಯಾರಿಗೂ ಯಾರ ಹಂಗೂ ಇರಲ್ಲ."

ಗಿಡ್ಡಯ್ಯ ಹೋಗಿ ಅಗೆಯತೊಡಗಿದ. ಜವರಯ್ಯನೂ ತಾನೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು ಎಂಬುದು ಗುಂಡಿ ಸೊಂಟದ ಮಟ್ಟಕ್ಕೆ ಬರುವ ತನಕ ಅವನಿಗೆ ನೆನಪೇ ಆಗಲಿಲ್ಲ.