ಶಂಕ್ರಮ್ಮ ಇಳಿಯದೆ ದಾಟಿದ ಕಲ್ಲು

ಶಹಾಪುರದಿಂದ ಸುರಪುರಕ್ಕೆ ಹೋಗುವ ಡಾಂಬರು ರಸ್ತೆ ಬಿಟ್ಟು ಅಡವಿಯೊಳಗೆ ಇಳಿದರೆ ಒಂದು ಕೆಂಪು ಮಣ್ಣಿನ ದಾರಿ ಸಿಗುತ್ತದೆ. ಎರಡೂ ಕಡೆ ಸೀತಾಫಲದ ಕಂಟಿ, ಮುತ್ತಲ, ಬೇವು. ನಡುನಡುವೆ ಆನೆ ಮಲಗಿದಂಥ ಬಂಡೆಗಳು. ಕಾಲುವೆ ತೋಡುತ್ತಿದ್ದ ಕಾಲದಲ್ಲಿ ಆ ದಾರಿಯಲ್ಲಿ ದಿನಾ ಮುಂಜಾನೆ ಒಬ್ಬ ಹೆಣ್ಣುಮಗಳು ಹಿಂದೆ ರೊಟ್ಟಿಯ ಬುಟ್ಟಿ ಕಟ್ಟಿಕೊಂಡು ಸೈಕಲ್ಲು ಹೊಡೆದುಕೊಂಡು ಹೋಗುತ್ತಿದ್ದಳು. ಹೋಗುತ್ತ ಹೋಗುತ್ತ ಇಳಿಯುವಳು, ಸೈಕಲ್ಲು ಹಿಡಿದು ನಾಲ್ಕು ಮಾರು ನಡೆಯುವಳು, ಮತ್ತೆ ಹತ್ತುವಳು. ಕಾಲುವೆ ಕೆಲಸಕ್ಕೆ ಪರ ಊರಿಂದ ಬಂದವರು ಚೈನು ಬಿದ್ದಿರಬೇಕು ಅಂದುಕೊಳ್ಳುತ್ತಿದ್ದರು. ಚೈನು ಬಿದ್ದಿರುತ್ತಿರಲಿಲ್ಲ. ಅಲ್ಲಿ ಕಂಟಿಯೊಳಗೆ ಒಂದು ಈರಗಲ್ಲು, ಕಾದಾಡಿ ಸತ್ತ ವೀರನ ಕಲ್ಲು, ನಿಂತಿರುತ್ತಿತ್ತು.

ಆಕೆ ಶಂಕ್ರಮ್ಮ. ಆ ಅಡವಿಯ ಅಂಚಿನಲ್ಲಿರುವ ಕುರಿಗಾರರ ದೊಡ್ಡಿಗೆ ಸೊಸೆಯಾಗಿ ಬಂದವಳು. ಗಂಡ ಅಮೋಘಸಿದ್ದ ಕುರಿ ಹಿಂಡಿನ ಜೊತೆ ವರ್ಷದಲ್ಲಿ ಎಂಟು ತಿಂಗಳು ಹೊಳೆ ದಂಡೆಯ ಹೊಲಗಳಲ್ಲೇ ಇರುತ್ತಿದ್ದ. ಮನೆಯಲ್ಲಿ ಶಂಕ್ರಮ್ಮ ಮತ್ತು ಅತ್ತೆ ಕರೆಮ್ಮ, ಇಬ್ಬರೇ.

ಆ ದೊಡ್ಡಿಯ ಹಿರಿಯರ ಕಥೆ ಹೀಗೆ. ಯಾವ ಕಾಲದಲ್ಲೋ ಎರಡು ದಂಡುಗಳು ಈ ಗುಡ್ಡಗಳ ನಡುವೆ ಬಡಿದಾಡಿದವು. ಯಾರ ದಂಡು, ಯಾತಕ್ಕೆ ಬಡಿದಾಡಿದವು, ಅದು ಈಗ ಯಾರಿಗೂ ನೆನಪಿಲ್ಲ. ಹಸಿದ ದಂಡು ಕುರಿ ಹಿಡಿಯಲು ಅಡವಿಗೆ ನುಗ್ಗಿತು, ದೊಡ್ಡಿಯ ಗಂಡಸರು ಅಡ್ಡ ನಿಂತು ಸತ್ತರು, ಅಷ್ಟೇ ಉಳಿದಿದೆ. ಸತ್ತವರು ಸತ್ತಲ್ಲೇ ಕಲ್ಲಾಗಿ ನಿಂತರು. ಮನೆಗೊಂದು ಕಲ್ಲು. ಪ್ರತಿ ವರ್ಷ ದಸರೆಯ ಮುಂಚಿನ ಮಾನವಮಿ ಅಮಾವಾಸ್ಯೆಗೆ ಆಯಾ ಮನೆಯವರು ಹೋಗಿ ತಮ್ಮ ಹಿರಿಯನಿಗೆ ಎಣ್ಣೆ ಎರೆದು, ಭಂಡಾರ ಹಚ್ಚಿ, ಕಾಯಿ ಒಡೆದು ಬರುತ್ತಾರೆ.

ಕರೆಮ್ಮನ ಮನೆಗೆ ಮಾತ್ರ ಕಲ್ಲಿರಲಿಲ್ಲ. ಇತ್ತಂತೆ, ಎಲ್ಲಿತ್ತೋ ಗೊತ್ತಿಲ್ಲ. ಅಮಾವಾಸ್ಯೆಯ ದಿನ ಎಲ್ಲರೂ ಅಡವಿಯ ಕಡೆ ಹೋದರೆ ಆಕೆ ಹಿತ್ತಲ ಬೇವಿನ ಬುಡದಲ್ಲಿ ಒಂದು ಗುಂಡುಕಲ್ಲಿಟ್ಟು ಅದಕ್ಕೇ ಎಣ್ಣೆ ಬಿಡುತ್ತಿದ್ದಳು. ಆಗ ಬಾಗಿಲ ಮುಂದೆ ಹಾಯುವಾಗ ಹಣಮಂತ್ರಾಯ ಒಂದು ಮಾತು ಎಸೆಯದೆ ಹೋಗುತ್ತಿರಲಿಲ್ಲ. ಅವನು ಕರೆಮ್ಮನಿಗೆ ವರಸೆಯಲ್ಲಿ ಅಳಿಯ. ಹಾಸ್ಯ ಮಾಡುವ ಹಕ್ಕಿದ್ದವನು.

"ಅತ್ತಿ, ನಿಮ್ಮ ಹಿರ್ಯಾಗ ಯಾಕ ಕಲ್ಲ ಹುಡುಕ್ತಿ? ಅಂವ ಓಡಿ ಹೋಗಿ ಯಾವ ಊರಾಗ ಮಕ್ಳು ಮರಿ ಮಾಡ್ಕೊಂಡು ಕುಂತಿದ್ನೋ ಏನೋ. ಓಡಿ ಹೋದಾವಗ ಯಾರು ಕಲ್ಲ ಹಾಕ್ತಾರ?"

ಜನ ನಗುತ್ತಿದ್ದರು. ಕರೆಮ್ಮನೂ ನಗುತ್ತಿದ್ದಳು. ಆದರೆ ಆ ದಿನ ಆಕೆ ಉಣ್ಣುತ್ತಿರಲಿಲ್ಲ. ವಯಸ್ಸಾಗಿ ಕಣ್ಣು ಮಂಜಾಗುತ್ತ ಬಂದಿತ್ತು. ಸಾಯುವ ಮೊದಲು ಒಮ್ಮೆ ತನ್ನ ಕೈಯಿಂದ ಹಿರಿಯನ ನೆತ್ತಿಗೆ ಎಣ್ಣೆ ಬೀಳಬೇಕು, ಈ ಮನೆ ಓಡಿಹೋದವನ ಮನೆಯಲ್ಲ ಅಂತ ಆಗಬೇಕು, ಆಕೆಗೆ ಬೇಕಿದ್ದದ್ದು ಅದೊಂದೇ.

ಕಾಲುವೆಯವರು ಅಡವಿಯಾಚೆ ಕ್ಯಾಂಪು ಹಾಕಿದಾಗ ಮೇಸ್ತ್ರಿ ಗುರಪ್ಪ ಜೋಳದ ರೊಟ್ಟಿ ಬಡಿದು ತಂದುಕೊಡುವವರನ್ನು ಕೇಳಿಕೊಂಡು ದೊಡ್ಡಿಗೆ ಬಂದ. ಶಂಕ್ರಮ್ಮ ಒಪ್ಪಿಕೊಂಡಳು. ತಲೆಯ ಮೇಲೆ ಹೊತ್ತು ನಡೆದರೆ ಮುಟ್ಟುವಷ್ಟರಲ್ಲಿ ಬಿಸಿಲೇರುತ್ತಿತ್ತು. ಆಕೆ ಶಹಾಪುರದಲ್ಲಿ ಬಾಷುಮಿಯಾನ ಸೈಕಲ್ ಅಂಗಡಿಗೆ ಹೋಗಿ ನಿಂತಳು.

"ಬೇಟಿ, ಇದು ಗಂಡಸರ ಸೈಕಲ್. ನಡುವ ದಂಡಿ ಅದ ನೋಡು," ಅಂದ ಬಾಷುಮಿಯಾ.

"ದಂಡಿ ಇದ್ರ ಇರ್ಲಿ ಬಿಡ್ರಿ ಕಾಕಾ. ನಾನೂ ಕಚ್ಚಿ ಹಾಕ್ದಾಕಿನೇ ಇದ್ದೀನಿ."

ಬಾಷುಮಿಯಾ ತಲೆ ಕೆರೆದುಕೊಂಡ. ಕಚ್ಚೆ ಸೀರೆಯವಳಿಗೆ ದಂಡಿಗೆ ಕಾಲು ಹಾಕಲು ಏನು ಅಡ್ಡಿ ಎಂದು ಅವನಿಗೂ ಹೊಳೆಯಲಿಲ್ಲ. ಬಿದ್ದೂ ಎದ್ದೂ ಎರಡು ವಾರದಲ್ಲಿ ಆಕೆ ಕಲಿತಳು.

ಕರೆಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಒಲೆಯ ಮುಂದೆ ಕೂತು ಅಂದಳು: "ಹೊಡಿ. ಆದ್ರ ಈರಗಲ್ಲು ಬಂದಲ್ಲಿ ಇಳೀಬೇಕು. ರಾಜ ಬಂದ್ರೂ ಅಲ್ಲಿ ಕುದುರಿ ಇಳೀತಿದ್ನಂತ. ನಿಂದೇನು, ಕಬ್ಬಿಣದ ಕುದುರಿ. ಮತ್ತ ದಾರ್ಯಾಗ ಹೊಸಾ ಕಲ್ಲು ಕಂಡ್ರ ಅದರಾಗ ಏನದಂತ ನೋಡ್ಕೊಂಡು ಬಾ."

"ನಮ್ಮದು ಹ್ಯಾಂಗಿರ್ತದ ಅತ್ತಿ? ಗುರುತು ಹೇಳು, ಹುಡುಕ್ತೀನಿ."

"ಹೇಳಾಂಗಿಲ್ಲ. ನಮ್ಮತ್ತಿ ನನ್ನ ಕಿವ್ಯಾಗ ಹೇಳ್ಯಾಳ. ಹೊರಗ ಬಿದ್ರ ನಾಳಿ ಯಾವನರ ಹೊಸಾ ಕಲ್ಲು ಕಡಿಸಿ ತಂದು, ತಗೋ ನಿಮ್ಮ ಹಿರ್ಯಾ ಅಂತಾನ. ನೀ ನೋಡಿದ್ದು ಹೇಳು. ಹೌದೋ ಅಲ್ಲೋ ನಾ ಹೇಳ್ತೀನಿ."

ಅಂದಿನಿಂದ ಶಂಕ್ರಮ್ಮ ರಸ್ತೆಯನ್ನಷ್ಟೇ ನೋಡದೆ ಅಡವಿಯನ್ನೂ ನೋಡುತ್ತ ಸೈಕಲ್ಲು ಹೊಡೆದಳು. ದಂಡು ಹಾದ ದಾರಿಯಲ್ಲವೇ, ಕಲ್ಲುಗಳಿಗೇನು ಕಡಿಮೆ. ಬಂಡೆಯ ಮರೆಯಲ್ಲಿ ಒಂದು, ಹುತ್ತ ಬೆಳೆದು ಎದೆಯವರೆಗೆ ಮುಚ್ಚಿದ್ದು ಒಂದು, ಆಲದ ಬೇರು ತಬ್ಬಿಕೊಂಡು ಮೇಲಕ್ಕೆತ್ತಿದ್ದು ಒಂದು. ಮಳೆ ಬಿಸಿಲಿಗೆ ಎಲ್ಲದರ ಮುಖವೂ ಸವೆದಿತ್ತು. ಮೂಗಿಲ್ಲ, ಕಣ್ಣಿಲ್ಲ. ಎತ್ತಿದ ಕೈ ಮಾತ್ರ ಎತ್ತಿದಂತೆಯೇ ಇತ್ತು. ಅವುಗಳ ಮುಂದೆ ನಿಂತಾಗ ಆಕೆಗೆ ಅಡವಿಯ ಹಕ್ಕಿಗಳೆಲ್ಲ ದನಿ ತಗ್ಗಿಸಿದಂತೆ ಅನ್ನಿಸುತ್ತಿತ್ತು. ತಾನು ಹುಟ್ಟುವ ಎಷ್ಟೋ ಮೊದಲು ಸತ್ತವರು, ಯಾವ ಕುರಿಗಾಗಿ ಸತ್ತರೋ ಅದರ ಮರಿಯ ಮರಿ ಇವತ್ತು ತನ್ನ ಹಟ್ಟಿಯಲ್ಲಿದೆ. ಹೀಗೆ ನೆನೆದಾಗ ಮೈ ಝುಮ್ಮೆಂದು ಹೋಗುತ್ತಿತ್ತು.

ಸಂಜೆ ಅತ್ತೆ ಕೇಳುವಳು: "ಏನಿತ್ತು ಅದರಾಗ?"

"ಕುದುರಿ ಮ್ಯಾಲ ಕುಂತಾನ."

"ಅಲ್ಲ."

"ಬಿಲ್ಲು ಹಿಡದಾನ. ಸುತ್ತ ಆಕಳ ಅದಾವ."

"ಅಲ್ಲವಾ. ನಾಳಿ ನೋಡು."

ಹೀಗೆ ಮೂರು ಮಾನವಮಿ ಅಮಾವಾಸ್ಯೆ ಕಳೆದವು. ಕರೆಮ್ಮನಿಗೆ ಈಗ ಎದುರಿಗೆ ನಿಂತವರು ಯಾರೆಂದು ದನಿಯಿಂದಲೇ ತಿಳಿಯಬೇಕಿತ್ತು.

ದಾರಿಯ ನಡುವೆ ಒಂದು ಹಳ್ಳ. ಅದಕ್ಕೆ ಅಡ್ಡಲಾಗಿ ಒಂದು ಉದ್ದ ಹಾಸುಗಲ್ಲು. ದೊಡ್ಡಿಯ ಜನ, ಕುರಿ, ಬಂಡಿ, ಎಲ್ಲಕ್ಕೂ ಅದೇ ಸೇತುವೆ. ಕಲ್ಲಿನ ಅಂಚು ದಾರಿಗಿಂತ ನಾಲ್ಕು ಬೆರಳು ಎತ್ತರ ಇದ್ದುದರಿಂದ ಗಾಲಿ ಅಲ್ಲಿ ದಡ್ ಎಂದು ಹಾರುತ್ತಿತ್ತು. ಬುಟ್ಟಿಯಲ್ಲಿದ್ದ ಕಟಕ ರೊಟ್ಟಿ ಮುರಿಯಬಾರದೆಂದು ಶಂಕ್ರಮ್ಮ ಅಲ್ಲಿಗೆ ಬಂದೊಡನೆ ಸೀಟಿನಿಂದ ಮೇಲೆದ್ದು, ಹ್ಯಾಂಡಲ್ಲು ಸ್ವಲ್ಪ ಎತ್ತಿ, ಮೆಲ್ಲಗೆ ದಾಟಿಸುತ್ತಿದ್ದಳು. ಇಳಿಯುತ್ತಿರಲಿಲ್ಲ. ಹಾಸುಗಲ್ಲಿಗೆ ಯಾರು ಇಳಿಯುತ್ತಾರೆ?

ಮಾನವಮಿ ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಇರುವಾಗ ಒಂದು ಮುಂಜಾನೆ ಆಕೆ ಹಳ್ಳಕ್ಕೆ ಬಂದರೆ ದಾರಿಯೇ ಇರಲಿಲ್ಲ. ಕಾಲುವೆಯ ಲಾರಿ ಹಾಯಲೆಂದು ಅಲ್ಲಿ ಸಿಮೆಂಟಿನ ಪೈಪು ಹೂಳುವವರಿದ್ದರು. ಗುರಪ್ಪನ ಆಳುಗಳು ಹಾರೆ ಹಾಕಿ, ಸರಪಳಿ ಬಿಗಿದು ಹಾಸುಗಲ್ಲನ್ನು ಮಗುಚಿ ದಂಡೆಯ ಮೇಲೆ ಅಂಗಾತ ಮಲಗಿಸಿದ್ದರು. ಮಲಗಿಸಿದವರು ಹಿಂದೆ ಸರಿದು ನಿಂತಿದ್ದರು. ಅವರ ಚಪ್ಪಲಿಗಳೆಲ್ಲ ದೂರ ಬೇವಿನ ಕೆಳಗಿದ್ದವು.

"ಸೈಕಲ್ ಇಳಿಯವಾ ಶಂಕ್ರಮ್ಮ," ಅಂದ ಗುರಪ್ಪ. ದೊಡ್ಡ ಬಾಯಿಯ ಮನುಷ್ಯ, ಅವತ್ತು ಮೆಲ್ಲಗೆ ಮಾತಾಡಿದ. "ಇಳಿದು ಬಂದು ನೋಡು."

ಇಬ್ಬರು ಕೊಡದಿಂದ ನೀರು ಸುರಿಯುತ್ತಿದ್ದರು. ಕೆಸರು ಜಾರಿತು, ಪಾಚಿ ಜಾರಿತು, ಮೂಲೆಯಿಂದ ಒಂದು ಏಡಿ ಇಳಿದು ಹೋಯಿತು. ಕಲ್ಲಿನೊಳಗಿಂದ ಒಬ್ಬ ಮನುಷ್ಯ ಎದ್ದು ಬಂದ. ಮಳೆ ಬಿಸಿಲು ಕಾಣದೆ ನೆರಳಲ್ಲೇ ಇದ್ದ ಕಲ್ಲು. ನಿನ್ನೆ ಉಳಿ ಕೆಳಗಿಟ್ಟಂತಿತ್ತು. ಮೀಸೆಯ ಎಳೆ ಎಣಿಸಬಹುದಿತ್ತು. ರುಮಾಲಿನ ಸುತ್ತು, ಎದೆಯ ಮೇಲಿನ ತಾಯಿತ, ಕಣ್ಣಿನ ಗುಡ್ಡೆ. ಶಂಕ್ರಮ್ಮ ಅಷ್ಟು ವರ್ಷ ಮುಖವಿಲ್ಲದ ಹಿರಿಯರನ್ನೇ ನೋಡಿದವಳು. ಇವನು ನೋಡುತ್ತಿದ್ದ. ಆಕೆಗೆ ಸೆರಗು ತಲೆಯ ಮೇಲೆ ಎಳೆದುಕೊಳ್ಳಬೇಕು ಅನ್ನಿಸಿತು, ಎಳೆದುಕೊಂಡಳು.

ಅಷ್ಟರಲ್ಲಿ ಹಣಮಂತ್ರಾಯ ಬಂಡಿ ಹೊಡೆದುಕೊಂಡು ಬಂದು ದಾರಿಯಿಲ್ಲದೆ ನಿಂತ. ಕೆಳಗಿಳಿದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೆಗಲ ಕಂಬಳಿ ತೆಗೆದು ಕಲ್ಲಿನ ಮೇಲೆ ಹೊದಿಸಿದ.

"ಯಾಕಣ್ಣಾ ಮುಚ್ಚತಿ?"

"ತಂಗಿ, ಅಡವ್ಯಾಗ ಸಿಕ್ಕ ಕಲ್ಲೆಲ್ಲ ನಿಮ್ಮ ಮನೀದು ಆಗಾಂಗಿಲ್ಲ. ಗುರುತು ನನಗ ಗೊತ್ತದಂತ ಮುದುಕಿ ಹೇಳ್ಕೋತ ಬಂದಾಳಲ್ಲ, ಇವತ್ತ ಹೇಳ್ಲಿ. ಕರ್ಕೊಂಡು ಬಾ. ಏನು ನೋಡಿದಿಯಂತ ಹೇಳಬ್ಯಾಡ."

ಶಂಕ್ರಮ್ಮ ಬುಟ್ಟಿ ಬಿಚ್ಚಿಟ್ಟು ತಿರುಗಿ ಬಂದಳು. ಕರೆಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಸೈಕಲ್ಲಿನ ಸಪ್ಪಳ ಕೇಳಿ ಎದ್ದು ನಿಂತಳು.

"ಏನಿತ್ತು ಅದರಾಗ?"

"ಹೇಳಾಂಗಿಲ್ಲಂತ ಅತ್ತಿ. ನೀನ ಬಂದು ಹೇಳಬೇಕಂತ."

ಕರೆಮ್ಮ ಕಟ್ಟೆ ಇಳಿದಳು. ಸೆರಗು ಬಿಗಿದು, ಹುಟ್ಟಿದಾಗಿನಿಂದ ಕೂಡದವಳು ಸೈಕಲ್ಲಿನ ಹಿಂದೆ ಕೂತಳು. "ಮೆಲ್ಲಕ ಹೊಡಿ. ನಾ ರೊಟ್ಟಿ ಇದ್ದಾಂಗ, ಮುರದೇನು," ಅಂದಳು. ದಾರಿಯಲ್ಲಿ ಒಂದೊಂದು ಈರಗಲ್ಲು ಬಂದಾಗಲೂ ಸೊಸೆಯ ಬೆನ್ನು ತಟ್ಟಿ ನಿಲ್ಲಿಸಿದಳು. ಅಷ್ಟು ಅವಸರದಲ್ಲೂ ಇಬ್ಬರೂ ಇಳಿದರು, ನಡೆದರು, ಮತ್ತೆ ಹತ್ತಿದರು. ಕಲ್ಲು ಎಲ್ಲೆಲ್ಲಿವೆ ಎಂದು ಕಣ್ಣು ಕಾಣದ ಆಕೆಗೆ ಹೇಗೆ ತಿಳಿಯಿತೋ. ಒಮ್ಮೆಯೂ ತಪ್ಪಲಿಲ್ಲ.

ಹಳ್ಳದ ದಂಡೆಯಲ್ಲಿ ದೊಡ್ಡಿಯ ಅರ್ಧ ಜನ ಸೇರಿದ್ದರು. ಕರೆಮ್ಮನನ್ನು ಕಂಬಳಿಯ ಪಕ್ಕ ಕೂಡಿಸಿದರು.

"ಹೇಳತ್ತಿ," ಅಂದ ಹಣಮಂತ್ರಾಯ.

ಕರೆಮ್ಮ ಕೈ ಮುಂದೆ ಚಾಚಲಿಲ್ಲ. ತೊಡೆಯ ಮೇಲಿಟ್ಟುಕೊಂಡೇ ಹೇಳಿದಳು. "ಕುದುರಿ ಇಲ್ಲ. ಕತ್ತಿ ಇಲ್ಲ. ಅಂವ ಕುರಿ ಕಾಯಾಂವ, ಅಂವಗೆಲ್ಲಿ ಕತ್ತಿ? ಬಲಗೈಯಾಗ ಕೊಡ್ಲಿ. ಎಡಗಡಿ ಹೆಗಲ ಮ್ಯಾಲ ಒಂದು ಮರಿ. ಕಾಲ ಹಂತ್ಯಾಕ ನಾಯಿ, ಅದರ ಒಂದು ಕಿವಿ ತುಂಡ."

ಯಾರೋ ಉಸಿರೆಳೆದುಕೊಂಡ ಸಪ್ಪಳ ಕೇಳಿತು.

"ಕೆಳಗ ಕುರಿ ಸಾಲ ಅದ. ಕುರಿ ಎಲ್ಲಾ ಆ ಕಡಿ ಮಾರಿ ಮಾಡ್ಯಾವ, ಹಳ್ಳ ದಾಟಾಕ. ಅಂವ ಒಬ್ಬಾಂವ ಈ ಕಡಿ ಮಾರಿ ಮಾಡ್ಯಾನ. ದಂಡಿನ ಕಡಿ. ಕಟ್ಟಕಡೀ ಕುರಿ ದಾಟೂತನಕ ನಿಂತಿದ್ನಂತ."

ಹಣಮಂತ್ರಾಯ ಕಂಬಳಿ ತೆಗೆದ. ಕುರಿಗಳೆಲ್ಲ ಎಡಕ್ಕೆ ಹೋಗುತ್ತಿದ್ದವು. ಮನುಷ್ಯ ಬಲಕ್ಕೆ ನೋಡುತ್ತಿದ್ದ. ಓಡುವವನು ಹಾಗೆ ನಿಲ್ಲುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಹಣಮಂತ್ರಾಯ ಮೊಣಕಾಲೂರಿ ಕೂತು ಮುದುಕಿಯ ಕೈ ಹಿಡಿದು ಆ ನಾಯಿಯ ಮುರುಕು ಕಿವಿಯ ಮೇಲೆ ಇಟ್ಟ. ಆಮೇಲೆ ಕೇಳಿದ: "ಅತ್ತಿ, ಎಣ್ಣಿ ತಂದೀಯೇನು?"

ತಂದಿರಲಿಲ್ಲ. ಶಂಕ್ರಮ್ಮನ ಬುಟ್ಟಿಯಲ್ಲಿ ಆಳುಗಳು ರೊಟ್ಟಿಗೆ ನಂಚಿಕೊಳ್ಳುವ ಅಗಸಿ ಹಿಂಡಿಗೆ ಹಾಕಿಕೊಳ್ಳಲು ತಂದ ಕುಸುಬಿ ಎಣ್ಣೆಯ ಶೀಸೆಯಿತ್ತು. ಎಂಜಲಾಗಿಲ್ಲವಷ್ಟೇ ಎಂದು ಗುರಪ್ಪ ಅನುಮಾನಿಸಿದ.

"ಆಗಿದ್ರೂ ನಡೀತದ ತಮ್ಮಾ. ಅಂವಾ ರೊಟ್ಟಿ ಹಿಂಡಿ ತಿಂದಾಂವನೇ," ಅಂದಳು ಕರೆಮ್ಮ. ತಡವರಿಸುತ್ತ ನೆತ್ತಿ ಹುಡುಕಿ ಎಣ್ಣೆ ಬಿಟ್ಟಳು. ಎಣ್ಣೆ ರುಮಾಲಿನ ಸುತ್ತಿನಲ್ಲಿ ಹರಿದು, ಹಣೆಗಿಳಿದು, ಮೀಸೆಯಲ್ಲಿ ನಿಂತಿತು. ಆಕೆಯ ಬೆರಳು ಆ ಮುಖದ ಮೇಲೆ ಮಗುವಿಗೆ ಎಣ್ಣೆ ಹಚ್ಚುವಂತೆ ಓಡಾಡಿತು. "ನನ್ನ ಮಗನಾಂಗ ಇದ್ದಾನ ನೋಡು," ಅಂದಳು. ನಿಂತವರೆಲ್ಲ ನೋಡಿದರು. ಅಮೋಘಸಿದ್ದನದೇ ಮೂಗು.

ಶಂಕ್ರಮ್ಮ ಮಾತ್ರ ದೂರ ನಿಂತಿದ್ದಳು. 

"ಯಾಕವಾ, ಬಾ," ಅಂದಳು ಅತ್ತೆ.

"ಎಲ್ಲಾ ಕಲ್ಲಿಗೂ ಇಳದೆ ಅತ್ತಿ. ಇವನ ಬೆನ್ನ ಮ್ಯಾಲ ದಿನಾ ಗಾಲಿ ಹಾಯಿಸಿದೆ."

ಕರೆಮ್ಮ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಹಳ್ಳದ ನೀರಿನ ಸಪ್ಪಳದ ಕಡೆ ಮುಖ ಮಾಡಿದಳು. "ಯಾವ ಮಳ್ಯಾಗ ಬಿದ್ನೋ, ಯಾರು ಅಡ್ಡ ಹಾಕಿದ್ರೋ. ಕುರಿ ದಾಟಸಾಕ ನಿಂತಾಂವ ಇಂವ. ದಾಟಸ್ಕೋತನೇ ಇದ್ದಾನ. ನೀನೂ ಈ ಮನಿ ಕುರೀನೇ. ಬಾ."

ಗುರಪ್ಪನ ಆಳುಗಳೇ ಸರಪಳಿ ಹಾಕಿ ಕಲ್ಲನ್ನು ದಂಡೆಯ ಮೇಲೆ ನಿಲ್ಲಿಸಿದರು, ದಂಡು ಬಂದ ದಿಕ್ಕಿಗೆ ಮುಖ ಮಾಡಿ. ಆ ಅಮಾವಾಸ್ಯೆಗೆ ಬೇವಿನ ಬುಡದ ಗುಂಡುಕಲ್ಲು ಎಣ್ಣೆ ಕಾಣದೆ ಹಾಗೇ ಉಳಿಯಿತು. ಕರೆಮ್ಮ ಇನ್ನೂ ಎರಡು ಮಾನವಮಿ ಅಮಾವಾಸ್ಯೆ ಬದುಕಿದ್ದು, ಎರಡಕ್ಕೂ ಸೈಕಲ್ಲಿನ ಮೇಲೆಯೇ ಬಂದಳು.

ಕಾಲುವೆಗೆ ನೀರು ಬಂತು, ಕ್ಯಾಂಪು ಕಿತ್ತರು, ಅಡವಿಯ ದಾರಿಗೂ ಡಾಂಬರು ಬಿತ್ತು. ಶಂಕ್ರಮ್ಮ ಈಗ ಸುರಪುರದ ಖಾನಾವಳಿಗಳಿಗೆ ರೊಟ್ಟಿ ಒಯ್ಯುತ್ತಾಳೆ. ಹಣಮಂತ್ರಾಯ ಮುದಿವಯಸ್ಸಿನಲ್ಲಿ ಮೋಟಾರ್ ಸೈಕಲ್ಲು ಕೊಂಡ. ಹಳ್ಳ ಬಂದಾಗ ಅದನ್ನು ನಿಲ್ಲಿಸಿ, ಏದುಸಿರು ಬಿಡುತ್ತ ಏರಿನಲ್ಲಿ ತಳ್ಳುತ್ತಾನೆ.

"ಯಾಕಣ್ಣಾ, ನಿಮ್ಮ ಹಿರ್ಯಾ ಆ ಗುಡ್ಡದ ಕಡಿ ಅದಾನಲ್ಲ. ಇಲ್ಲ್ಯಾಕ ಇಳೀತಿ?" ಎಂದು ಶಂಕ್ರಮ್ಮ ಕಾಡಿಸುತ್ತಾಳೆ.

"ನಮ್ಮ ಬಂಡೀನೂ ಇವನ ಮ್ಯಾಲೇ ಹಾಯ್ದಾವ ತಂಗಿ. ತಳ್ಳು, ಮಾತಾಡಬ್ಯಾಡ."

ಆಕೆಯೂ ಸೈಕಲ್ಲು ಇಳಿದು ನಡೆಯುತ್ತಾಳೆ. ಪೈಪಿನ ಮೇಲಿನ ದಾರಿ ಅಂಗೈಯಂತೆ ಸಪಾಟಾಗಿದೆ. ಆದರೂ ಹಾಸುಗಲ್ಲಿನ ಅಂಚು ಇದ್ದ ಜಾಗಕ್ಕೆ ಬಂದೊಡನೆ, ರೊಟ್ಟಿ ಮುರಿಯದಿರಲೆಂದು, ಆಕೆಯ ಕೈ ತಾನಾಗಿಯೇ ಹ್ಯಾಂಡಲ್ಲನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತದೆ.